ತೂಬಿನ ಬಾಗಿಲ ಬೆನ್ನು

ಹಂಚಿನ ಕಾರ್ಖಾನೆಯ ದೋಣಿಗಳಿಗೆಂದು ತೋಡಿದ್ದ ಹಳೆಯ ಕಾಲುವೆಗೆ ಅಡ್ಡಲಾಗಿ, ದೋಣಿ ಬಂದಾಗ ತೆರೆಯುತ್ತಿದ್ದ ಒಂದು ಕಬ್ಬಿಣದ ತೂಬಿನ ಬಾಗಿಲಿತ್ತು. ಹಿಂದಿರುಗಿ ನೋಡುವುದು ಅದಕ್ಕೆ ಸಾಧ್ಯವಿರಲಿಲ್ಲ. ಒಂದು ದಿನ ಆಮೆಯೊಂದು ಹಿಂದಿನಿಂದ ಸುತ್ತಿ ಎದುರಿಗೆ ಬಂತು.

“ಆಮೆಯಣ್ಣ, ನನ್ನ ಹಿಂದೆ ನೀರು ಎಷ್ಟಿದೆ? ಐವತ್ತು ವರ್ಷದಿಂದ ತಡೆದು ನಿಂತಿದ್ದೇನೆ,” ಎಂದಿತು ಬಾಗಿಲು. ಆಮೆಯ ಕಾಲ ತುಂಬ ಧೂಳಿರುವುದು ಆಗ ಅದರ ಕಣ್ಣಿಗೆ ಬಿತ್ತು.

“ನೀರೆಲ್ಲಿದೆ? ರೈಲು ಬಂತು, ದೋಣಿಗಳು ನಿಂತವು. ನಿನ್ನ ಹಿಂದೆ ಮಣ್ಣು ತುಂಬಿ ರಸ್ತೆ ಮಾಡಿದ್ದಾರೆ.”

“ಹಾಗಾದರೆ ದಿನಾ ನನ್ನ ಬೆನ್ನು ಒತ್ತುವ ದೋಣಿಗಳು?”

“ಅವು ಲಾರಿಗಳು.”

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ಬೆಚ್ಚಿಬಿದ್ದ ಬಾಗಿಲು ಅಭ್ಯಾಸಬಲದಿಂದ ಹೇಳಿತು: “ಸಾಲಾಗಿ ನಿಲ್ಲಿ, ಈಗ ತೆರೆಯುತ್ತೇನೆ.”