ಬರಿಗೈಲಿ ಬಂದ ಕಬ್ಬಿಣ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು. ಚಳಿಗೆ ಮುನಿಸಿಕೊಂಡ ಟ್ರ್ಯಾಕ್ಟರನ್ನು ನನ್ನ ಹಾಗೆ ಎಬ್ಬಿಸುವವನು ನಮ್ಮ ಹೋಬಳಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಅರ್ಧ ಮೀಸೆ ಬೋಳಿಸಿಕೊಳ್ತೀನಿ. ಗಾಡಿ ಯಾಕೆ ಕೆಮ್ಮುತ್ತೆ ಅನ್ನೋದು ನನಗೆ ಗೊತ್ತು. ಕೇಳಿ.

ಲೋಕ ಇನ್ನೂ ಹಸಿಹಸಿಯಾಗಿದ್ದಾಗ, ಬೆಟ್ಟಗಳು ಕೂರೋಕೆ ಜಾಗ ಹುಡುಕಿಕೊಂಡು ಅಡ್ಡಾಡುತ್ತಿದ್ದಾಗ, ಬೆಂಕಿ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆ ಕೆಂಡಜ್ಜಿಯದು. ಯಾರು ಬೇಕಾದರೂ ಹೋಗಿ ಕೆಂಡ ಕೇಳಬಹುದಿತ್ತು. ಆದರೆ ಕೈಯಲ್ಲೊಂದು ಬೆರಣಿ ಇರಬೇಕು. ಅದನ್ನು ಒಲೆಗೆ ಹಾಕಿ ಕೆಂಡ ಒಯ್ಯಬೇಕು. ಈಸಿಕೊಂಡು ಹೋಗುವವರಿಂದ ಒಲೆ ಆರಬಾರದಲ್ಲ.

ಕಾಗೆ ಒಂದು ಬೆರಣಿ ಕಚ್ಚಿಕೊಂಡು ಬರುತ್ತಿತ್ತು. ನಾಯಿ ಒಂದು ಕಚ್ಚಿಕೊಂಡು ಬರುತ್ತಿತ್ತು. ಇರುವೆಗಳು ಎಲ್ಲಾ ಸೇರಿ ಒಂದು ಚೂರು ಎಳೆದು ತರುತ್ತಿದ್ದವು.

ಆ ಕಾಲದಲ್ಲೇ ಕಬ್ಬಿಣ ಮಣ್ಣಿನಿಂದ ಎದ್ದು ಬಂದಿದ್ದ. ಮೈ ಫಳಫಳ, ಕಾಲಿಗೆ ನಾಲ್ಕು ಗಾಲಿ. ಹೊಟ್ಟೆಗೊಂದು ಕೆಂಡ ಬಿದ್ದರೆ ಸಾಕು, ಓಡುತ್ತಿದ್ದ. ಕೆಂಡ ಬೀಳುವ ತನಕ ಗಾಳಿಯೇ ಅವನನ್ನು ಅಜ್ಜಿಯ ಮನೆಗೆ ತಳ್ಳಬೇಕಿತ್ತು. ಬಡಾಯಿಯಲ್ಲಿ ನನ್ನನ್ನೂ ಮೀರಿಸಿದವನು, ಅದೊಂದು ಮಾತ್ರ ಒಪ್ಪಿಕೊಳ್ತೀನಿ.

ಬೇಸಿಗೆಯಲ್ಲಿ ಒಲೆಯ ಹತ್ತಿರ ಯಾರು ಸುಳೀತಾರೆ? ಅಜ್ಜಿ ಸುಮ್ಮನೆ ಕೂತಿರುತ್ತಿದ್ದಳು. ಕಬ್ಬಿಣ ಬರಿಗೈಲಿ ಹೋದರೂ ಒಂದು ಕೆಂಡ ಎತ್ತಿ ಹಾಕುತ್ತಿದ್ದಳು. ಅವನಿಗೆ ಅದೇ ರೂಢಿಯಾಯಿತು.

ಸುಗ್ಗಿ ಬಂತು. ಕಣದ ತುಂಬ ರಾಗಿ ತೆನೆ. ಕಾಳು ಉದುರಿಸೋಕೆ ತೆನೆಯ ಮೇಲೆ ಕಲ್ಲುಗುಂಡು ಎಳೆದೂ ಎಳೆದೂ ಕೆಂದೆತ್ತಿನ ಹೆಗಲು ಹುಣ್ಣಾಗಿತ್ತು. ಅದನ್ನು ಕಂಡ ಕಬ್ಬಿಣ, "ನೀನು ಮಲಕ್ಕೋ ಮಾವ. ನಾಳೆ ಗುಂಡು ನಂದು," ಅಂದ. ಕೆಂದೆತ್ತು ನಂಬಿತು. ನೊಗ ಇಳಿಸಿ ಮಲಗಿತು.

ಮಾರನೆಯ ಬೆಳಗ್ಗೆ ಚಳಿ ಅಂದರೆ ಚಳಿ. ಹೊಳೆಗೂ ಹರಿಯೋಕೆ ಸೋಮಾರಿತನ. ಲೋಕವೆಲ್ಲ ಕೆಂಡಜ್ಜಿಯ ಬಾಗಿಲಲ್ಲಿ. ಕಾಗೆಯ ಹತ್ತಿರ ಬೆರಣಿ, ನಾಯಿಯ ಹತ್ತಿರ ಬೆರಣಿ, ಇರುವೆಗಳ ಹತ್ತಿರ ಚೂರು. ಕಬ್ಬಿಣನ ಹತ್ತಿರ ಏನೂ ಇಲ್ಲ.

"ಬೆರಣಿ ಎಲ್ಲಪ್ಪ?" ಅಂದಳು ಅಜ್ಜಿ.

"ನಾನೇ ಬಂದಿದೀನಲ್ಲ ಅಜ್ಜಿ. ಸಗಣಿ ಮುಟ್ಟೋ ಮೈಯಾ ಇದು?"

"ಹಾಗಾದ್ರೆ ಕೊನೇಲಿ ನಿಂತ್ಕೋ. ಉಳಿದ್ರೆ ಕೊಡ್ತೀನಿ."

ಕಬ್ಬಿಣ ಕೊನೆಯಲ್ಲಿ ನಿಂತ. ಅಜ್ಜಿಗೆ ನೆನಪಾಗಲಿ ಅಂತ ಒಂದು ಸಲ ಕೆಮ್ಮಿದ. ಅಜ್ಜಿ ತಿರುಗಲಿಲ್ಲ. ಇನ್ನೊಂದು ಸಲ ಕೆಮ್ಮಿದ. ಏನಣ್ಣ, ನೆಗಡಿಯಾ ಅಂತ ಕಾಗೆ ಕೇಳಿತು.

ಅಷ್ಟರಲ್ಲಿ ಮೋಡ ಮುಚ್ಚಿತು. ತೆನೆ ನೆಂದರೆ ಮೊಳಕೆ ಬರುತ್ತೆ, ವರ್ಷದ ಹಿಟ್ಟೇ ಹೋಗುತ್ತೆ. ಕೆಂದೆತ್ತು ಕಾದು ಕಾದು ಎದ್ದಿತು. ಹುಣ್ಣಾದ ಹೆಗಲನ್ನೇ ಮತ್ತೆ ನೊಗಕ್ಕೆ ಕೊಟ್ಟಿತು. ಕಬ್ಬಿಣನಿಗೆ ಅದು ನಿಂತಲ್ಲಿಂದಲೇ ಕಾಣಿಸಿತು. ಅವನ ಕೆಮ್ಮು ನಿಂತಿತು.

ಕಣಕ್ಕೆ ತಳ್ಳು ಅಂತ ಗಾಳಿಗೆ ಹೇಳಿದ. ಅಲ್ಲಿ ಹೋಗಿ, ಹುಟ್ಟಿದಾಗಿನಿಂದ ಆಡದ ಮಾತು ಆಡಿದ. "ಮಾವ, ಒಂದು ಬೆರಣಿ ಕೊಡ್ತೀಯಾ?"

ಕೆಂದೆತ್ತು ಬೈಯಲಿಲ್ಲ. ಬಂಡೆಯ ಮೇಲೆ ಒಣಗಲು ಬಿಟ್ಟಿದ್ದ ಒಂದನ್ನು ತೋರಿಸಿತು. ಮಂಜು ಬಿದ್ದು ಒದ್ದೆಯಾಗಿತ್ತು. "ಇರೋದು ಇದೇ ಕಣೋ. ಹತ್ತಿಕೊಳ್ಳೋದು ತಡ."

ಗಾಳಿ ಅವನನ್ನು ಮತ್ತೆ ಅಜ್ಜಿಯ ಮನೆಗೆ ತಳ್ಳಿತು. ಅಜ್ಜಿ ಆ ಬೆರಣಿಯನ್ನೇ ಒಲೆಗಿಟ್ಟು ಊದಿದಳು. ಮೊದಲು ಹೊಗೆ. ಮತ್ತೆ ಹೊಗೆ. ಕಬ್ಬಿಣ ಕೆಮ್ಮಿದ, ಈ ಸಲ ನಿಜವಾದ ಕೆಮ್ಮು. ಕೊನೆಗೆ ಅಂಚು ಕೆಂಪಾಯಿತು. ಅಜ್ಜಿ ಅದರಿಂದ ಒಂದು ಚೂರು ಮುರಿದು ಅವನ ಹೊಟ್ಟೆಗೆ ಹಾಕಿದಳು.

"ಚಳೀಲಿ ನಿನಗೆ ಇದೇ. ಕಾಯಬೇಕು. ಇಲ್ಲ ಅಂತ ಅನ್ನಲ್ಲ."

ಕಬ್ಬಿಣ ಗುಡುಗುಡು ಅಂತ ಕಣಕ್ಕೆ ಹೋದ. ಮೊದಲ ಹನಿ ಬೀಳುವ ಹೊತ್ತಿಗೆ ರಾಗಿ ತುಳಿದು ಮುಗಿಸಿದ್ದ. ಕೆಂದೆತ್ತು ನೊಗ ಇಳಿಸಿತು.

ಅದಕ್ಕೇ ಮಕ್ಕಳೇ, ಬೇಸಿಗೆಯಲ್ಲಿ ಕೀ ತಿರುಗಿಸಿದ ಕೂಡಲೇ ಏಳುವ ಗಾಡಿ, ಚಳಿಯ ಬೆಳಗ್ಗೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ತಳ್ಳಿಸಿಕೊಂಡು ಆಮೇಲೆ ಹೊರಡುತ್ತೆ. ಅವತ್ತು ಕಬ್ಬಿಣನಿಗೆ ಸಿಕ್ಕಿದ್ದು ಒದ್ದೆ ಬೆರಣಿಯ ಒಂದು ಕೆಂಡ.