ಬಚ್ಚಲ ಕಲ್ಲಿನ ಗತ್ತು

ತುಳಿದು ತುಳಿದು ಕನ್ನಡಿಯಂತಾಗಿದ್ದ ಬಚ್ಚಲ ಕಲ್ಲಿಗೆ ತನ್ನ ನುಣುಪಿನ ಬಗ್ಗೆ ಭಾರಿ ಜಂಬ. ರಿಪೇರಿಗೆಂದು ಬಂದ ಉಳಿಯನ್ನು ಅದು ಗದರಿತು: “ದೂರ ನಿಲ್ಲು! ಮನೆಯ ಹಿರಿಯರಾದ ಚೆನ್ನಾಜಮ್ಮನವರೇ ದಿನವೂ ಬಗ್ಗಿ, ನನ್ನನ್ನು ಎರಡೂ ಕೈಯಿಂದ ಮುಟ್ಟಿ, ‘ಶಿವ ಶಿವಾ’ ಎನ್ನುತ್ತಾ ಕಾಲಿಡುತ್ತಾರೆ.”

“ಮೊನ್ನೆ ಜಾರಿ ಸೊಂಟ ಉಳುಕಿಸಿಕೊಂಡವರೂ ಅವರೇ, ನನ್ನನ್ನು ಕರೆಸಿದವರೂ ಅವರೇ,” ಎಂದಿತು ಉಳಿ. ಸಂಜೆಯೊಳಗೆ ಕಲ್ಲಿನ ಮೈಯೆಲ್ಲ ಒರಟಾಯಿತು.

ಮರುದಿನ ಚೆನ್ನಾಜಮ್ಮ ಬಗ್ಗಲಿಲ್ಲ, ಶಿವನನ್ನೂ ಕರೆಯಲಿಲ್ಲ. ಕಾಫಿಗೆ ಸಕ್ಕರೆ ಸಾಲದೆಂದು ಸೊಸೆಯ ಮೇಲೆ ರೇಗುತ್ತಾ ಸೀದಾ ನಡೆದು ಬಂದರು. ಅವಮಾನದಿಂದ ಕಲ್ಲು ಇನ್ನೇನು ಅತ್ತೇಬಿಡುವುದರಲ್ಲಿತ್ತು. ಅಷ್ಟರಲ್ಲಿ ಅವರು ಅದರ ಮೇಲೆ ಇಡೀ ಪಾದ ಊರಿ ನಿಂತರು. ಇಷ್ಟು ವರ್ಷ ಅದಕ್ಕೆ ಸಿಕ್ಕಿದ್ದುದು ಅವರ ಕಾಲ್ಬೆರಳ ತುದಿಯಷ್ಟೇ.