ಮರದ ಕೆಳಗಿನ ದನಿ

ಯಾವ ಕಾಡು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ಹೆಸರು ಹೇಳಿಯಾಗಿದೆ. ಹೆಜ್ಜೇನು ಕಟ್ಟುವ ಕಾಡು, ಅಷ್ಟು ಸಾಕು. ಅಲ್ಲಿ ಕ್ಯಾತಜ್ಜ ಎಂಬ ಗುರು, ಜಡೆಯ ಎಂಬ ಶಿಷ್ಯ.

ಹಸಿಸೊಪ್ಪಿನ ಸೂಡಿಗೆ ಬೆಂಕಿ ಮುಟ್ಟಿಸಿ, ಹೊಗೆ ಎಬ್ಬಿಸುತ್ತಾ ಅಜ್ಜ ಮರ ಹತ್ತುತ್ತಿದ್ದ. ಹತ್ತುತ್ತಲೇ ಜೇನಿನ ಹಾಡು ಹೇಳುತ್ತಿದ್ದ. ಒಂದು ಸಾಲು ಹೇಳಿ ನಿಲ್ಲುವನು. ಇನ್ನೊಂದು ಸಾಲು, ಮತ್ತೆ ನಿಲ್ಲುವನು.

ಕೆಳಗೆ ಜಡೆಯ ಮೊಬೈಲು ಎತ್ತಿ ಹಿಡಿದು ರೆಕಾರ್ಡು ಮಾಡುತ್ತಿದ್ದ. ಕೆಮ್ಮು ಬಂದರೆ ನುಂಗಿಕೊಳ್ಳುವನು. ಇರುವೆ ಕಚ್ಚಿದರೂ ಕಂಬದ ಹಾಗೆ ನಿಲ್ಲುವನು. ಹಾಡು ಬಲ್ಲವರು ಹಾಡಿಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಅಜ್ಜನ ಜೊತೆಗೇ ಅದೂ ಹೋಗಿಬಿಟ್ಟರೆ ಎಂಬ ಹೆದರಿಕೆ ಅವನಿಗೆ.

ಇಳಿದ ಮೇಲೆ ಅಜ್ಜ ಕೇಳುತ್ತಿದ್ದ: "ನಾಲಿಗೆ ಮನೇಲಿ ಬಿಟ್ಟು ಬಂದಿದ್ಯೇನೋ?"

"ನನ್ನ ದನಿ ಸೇರಿದ್ರೆ ಹಾಡು ಕೆಟ್ಟುಹೋಗ್ತದಜ್ಜ."

ಅಜ್ಜ ನಕ್ಕು, ಜೇನುತಟ್ಟಿ ಮುರಿದು ಅವನ ಬಾಯಿಗಿಡುತ್ತಿದ್ದ. ಶಿಷ್ಯ ಕೇಳದ್ದನ್ನು ಗುರು ಹೇಳಿಕೊಡಬಾರದು. ಅದು ಆ ಹಾಡಿಯ ಕಟ್ಟಳೆ.

ಒಮ್ಮೆ ಅಜ್ಜ ಇಳಿಯುತ್ತಿದ್ದಾಗ ಕಾಲ ಕೆಳಗೆ ಒಣಕೊಂಬೆ ಇತ್ತು. ಜಡೆಯನಿಗೆ ಕಾಣಿಸಿತು. ಅಜ್ಜನಿಗೆ ಗೊತ್ತಿರದೆ ಇರುತ್ತದೆಯೇ ಎಂದುಕೊಂಡ. ರೆಕಾರ್ಡು ಬೇರೆ ನಡೆದಿತ್ತು. ಸುಮ್ಮನಿದ್ದ.

ನೆಲ ಹತ್ತಿರವಿದ್ದುದರಿಂದ ಜೀವ ಉಳಿಯಿತು. ಮಂಡಿ ಉಳಿಯಲಿಲ್ಲ.

ಅಜ್ಜ ಮೂಲೆ ಹಿಡಿದ ಮೇಲೆ ಜಡೆಯ ಹಾಡನ್ನು ಕಂಪ್ಯೂಟರಿನಲ್ಲಿ ಚೊಕ್ಕ ಮಾಡಿ ಲೋಕಕ್ಕೆಲ್ಲ ಹಂಚಿದ. ಕಾಣದ ಊರುಗಳವರು ಕೇಳಿ ಕೊಂಡಾಡಿದರು. ಅದನ್ನು ಅಜ್ಜನಿಗೂ ಕೇಳಿಸಿದ. ಸಾಲಿನ ಬೆನ್ನಿಗೆ ಸಾಲು ಓಡಿತು.

"ನಾನು ಅಲ್ಲಲ್ಲಿ ನಿಲ್ತಿದ್ನಲ್ಲ, ಅದೆಲ್ಲಿ?"

"ಅಲ್ಲಿ ಬರೀ ಖಾಲಿ ಇತ್ತಜ್ಜ. ಕತ್ತರಿಸಿ ಹಾಕ್ದೆ."

ಅಜ್ಜ ಒಂದು ಹಿಡಿ ಹಸಿಸೊಪ್ಪನ್ನು ಒಲೆಗೆ ತುರುಕಿದ. ಗುಡಿಸಲು ಹೊಗೆಯಿಂದ ತುಂಬಿತು. ಕಣ್ಣು ಮುಚ್ಚಿ, ಹಾಡಿನ ಮೊದಲ ಸಾಲು ಹೇಳಿ, ಒಲೆಯ ಪಕ್ಕದ ಜೇನಿನ ಗಡಿಗೆಗೆ ಕೈ ಚಾಚಿದ. ಚಾಚಿ, ನಿಂತ.

ಕೈ ನೇರ ಕೆಂಡದ ಮೇಲಿತ್ತು.

"ಎಡಕ್ಕಜ್ಜ, ಎಡಕ್ಕೆ!"

ಕೈ ಎಡಕ್ಕೆ ಸರಿಯಿತು. ಗಡಿಗೆ ಸಿಕ್ಕಿತು.

ಜಡೆಯ ಬಹಳ ಹೊತ್ತು ಆ ಕೈಯನ್ನೇ ನೋಡಿದ. ಆಮೇಲೆ ಅಜ್ಜನ ಮಂಡಿಯನ್ನು ನೋಡಿದ.

"ಹೊಗೇಲಿ ನಿಂಗೇನೂ ಕಾಣ್ತಿರಲಿಲ್ವಾ ಅಜ್ಜ?"

"ನನ್ನ ತಮ್ಮ ಇರೋವರೆಗೂ ಕಾಣ್ತಿತ್ತು. ಕೆಳಗೆ ನಿಂತು ಅವನು ಕಂಡದ್ದನ್ನೆಲ್ಲ ಹಾಡ್ತಿದ್ದ."

"ಅವನು ಹೋದ ಮೇಲೆ ಹೆಂಗೆ ಹತ್ತಿದೆ?"

"ಕಾಲಲ್ಲಿ ತಡಕಾಡ್ಕೊಂಡು. ಒಂದೊಂದು ಸಾಲಿಗೂ ನಿಂತು, ಈಗ ಹೇಳ್ತೀಯ, ಈಗ ಹೇಳ್ತೀಯ ಅಂತ."